ದೌರ್ಜನ್ಯದ ಲೆಕ್ಕ ಮತ್ತು ಭೀಮಸೇನೆಯ ಶ್ಯಾಮಸುಂದರ್

ಕಲಬುರಗಿ: ದಲಿತ ಹೋರಾಟದ ಇತಿಹಾಸ ಹೇಳುವಾಗ ಮುಂಬೈಯ ದಲಿತ್ ಪ್ಯಾಂಥರ್ಸ್ ಹೆಸರು ಮೊದಲು ಬರುತ್ತದೆ. ಅದು ಹುಟ್ಟಿದ್ದು 1972ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲು, 1968ರ ಏಪ್ರಿಲ್ 29ರಂದು, ಆಗ ಗುಲಬರ್ಗಾ ಎಂದು ಕರೆಯಲಾಗುತ್ತಿದ್ದ ಈ ನಗರದಲ್ಲಿ ಭೀಮಸೇನೆ ಎಂಬ ಸಂಘಟನೆ ಸ್ಥಾಪನೆಯಾಯಿತು. ಅದರ ಸ್ಥಾಪಕರು ಹೈದರಾಬಾದ್ ಸಂಸ್ಥಾನದ ಹಿರಿಯ ದಲಿತ ಮುಖಂಡ ಬಿ. ಶ್ಯಾಮಸುಂದರ್.

ಹಳ್ಳಿಗಳಲ್ಲಿ ದಲಿತರ ಮೇಲೆ ನಡೆಯುವ ಹಲ್ಲೆ, ಬಹಿಷ್ಕಾರ, ಕೊಲೆಗಳನ್ನು ಸರ್ಕಾರ ನಂಬುವಂತೆ ಮಾಡುವುದೇ ಅಂದು ದೊಡ್ಡ ಸವಾಲಾಗಿತ್ತು. ಎಷ್ಟು ಘಟನೆಗಳು ನಡೆದಿವೆ, ಹಿಂದಿಗಿಂತ ಹೆಚ್ಚಾಗಿವೆಯೇ, ಕಡಿಮೆಯಾಗಿವೆಯೇ ಎಂದು ಕೇಳಿದರೆ ಉತ್ತರಿಸಲು ಅಂಕಿಅಂಶಗಳಿರಲಿಲ್ಲ. ಅಸ್ಪೃಶ್ಯತೆ ಸಂವಿಧಾನದಲ್ಲಿ ರದ್ದಾಗಿತ್ತು. ಆದ್ದರಿಂದ ಊರಿನಲ್ಲಿಯೂ ಇಲ್ಲವೆಂದು ಅನೇಕ ಅಧಿಕಾರಿಗಳು ಭಾವಿಸಿದ್ದರು. ಯಾರನ್ನು ಎಣಿಸಬೇಕು, ಯಾವ ಹೆಸರಿನಲ್ಲಿ ಎಣಿಸಬೇಕು, ಎಣಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಶ್ಯಾಮಸುಂದರ್ ಅವರ ಬದುಕಿನುದ್ದಕ್ಕೂ ಬೇರೆ ಬೇರೆ ರೂಪದಲ್ಲಿ ಎದುರಾದವು. ಅವರು ನಿಧನರಾಗಿ ಅರ್ಧ ಶತಮಾನ ಕಳೆದರೂ ಆ ಪ್ರಶ್ನೆಗಳು ಹಳೆಯದಾಗಿಲ್ಲ.

ನಿಜಾಮರ ನಾಡಿನಲ್ಲಿ

ಶ್ಯಾಮಸುಂದರ್ ಹುಟ್ಟಿದ್ದು 1908ರ ಡಿಸೆಂಬರ್ 18ರಂದು ಔರಂಗಾಬಾದಿನಲ್ಲಿ. ಇಂದು ಛತ್ರಪತಿ ಸಂಭಾಜಿನಗರ ಎಂದು ಕರೆಯಲಾಗುವ ಆ ಊರು ಆಗ ನಿಜಾಮರ ಆಳ್ವಿಕೆಯ ಮರಾಠಿ ಸೀಮೆಗೆ ಸೇರಿತ್ತು. ಗುಲಬರ್ಗಾ, ಬೀದರ, ರಾಯಚೂರು ಅದೇ ಸಂಸ್ಥಾನದ ಕನ್ನಡ ಜಿಲ್ಲೆಗಳಾಗಿದ್ದವು. ಉರ್ದು ಮಾಧ್ಯಮದಲ್ಲಿ ಉನ್ನತ ಶಿಕ್ಷಣ ನೀಡುತ್ತಿದ್ದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಅವರು ಓದಿದರು. ಅಸ್ಪೃಶ್ಯ ಸಮುದಾಯದ ಯುವಕನೊಬ್ಬನಿಗೆ ಪದವಿ ಎಂಬುದು ಅಪರೂಪವಾಗಿದ್ದ ಕಾಲ ಅದು.

ಅವರು ಸಾರ್ವಜನಿಕ ಜೀವನಕ್ಕೆ ಬರುವ ಹೊತ್ತಿಗೆ ಹೈದರಾಬಾದಿನಲ್ಲಿ ಭಾಗ್ಯರೆಡ್ಡಿ ವರ್ಮಾ ಅವರ ಆದಿ ಹಿಂದೂ ಚಳವಳಿ ಬೇರೂರಿತ್ತು. ಅಸ್ಪೃಶ್ಯರೆಂದು ಕರೆಸಿಕೊಳ್ಳುವವರು ಈ ನೆಲದ ಮೂಲ ನಿವಾಸಿಗಳು ಎಂಬುದು ಆ ಚಳವಳಿಯ ತಿಳಿವಳಿಕೆ. 1931ರ ಜನಗಣತಿಯಲ್ಲಿ ಸಂಸ್ಥಾನದ ದಲಿತರನ್ನು ಆದಿ ಹಿಂದೂ ಹೆಸರಿನಲ್ಲಿ ದಾಖಲಿಸುವಂತೆ ಮಾಡುವಲ್ಲಿ ಅದು ಯಶಸ್ವಿಯಾಯಿತು. ಸರ್ಕಾರಿ ಕಾಗದದಲ್ಲಿ ಬರೆಯುವ ಹೆಸರೂ ಒಂದು ಹಕ್ಕು ಎಂಬ ಅರಿವು ಅಲ್ಲಿಂದ ಹಬ್ಬಿತು.

ಅದೇ ಗಣತಿಯಲ್ಲಿ ದೇಶದ ಜನಗಣತಿ ಆಯುಕ್ತ ಜೆ.ಎಚ್. ಹಟನ್ ಅವರು ಯಾವ ಜಾತಿಗಳನ್ನು ಶೋಷಿತ ವರ್ಗವೆಂದು ಗುರುತಿಸಬೇಕು ಎಂಬುದಕ್ಕೆ ಕೆಲವು ಪರೀಕ್ಷೆಗಳನ್ನು ಮುಂದಿಟ್ಟಿದ್ದರು. ದೇವಸ್ಥಾನದೊಳಗೆ ಪ್ರವೇಶವಿದೆಯೇ, ಊರ ಬಾವಿ ಮತ್ತು ಶಾಲೆಯನ್ನು ಬಳಸಬಹುದೇ, ಮೇಲ್ಜಾತಿಗಳಿಗೆ ಕೆಲಸ ಮಾಡುವ ಕ್ಷೌರಿಕರೇ ಇವರಿಗೂ ಮಾಡುತ್ತಾರೆಯೇ ಎಂಬಂಥ ಪ್ರಶ್ನೆಗಳು ಅವು. ಒಬ್ಬ ವ್ಯಕ್ತಿಯ ಮನಸ್ಸಿನಲ್ಲಿರುವ ತಿರಸ್ಕಾರವನ್ನು ನೇರವಾಗಿ ಕೇಳುವ ಬದಲು, ಆ ತಿರಸ್ಕಾರ ಊರಿನಲ್ಲಿ ಹಾಕಿದ ಬೇಲಿಗಳನ್ನು ಎಣಿಸುವ ವಿಧಾನ ಇದಾಗಿತ್ತು. ಸ್ವಾತಂತ್ರ್ಯಾನಂತರ ಪರಿಶಿಷ್ಟ ಜಾತಿಗಳ ಜನಸಂಖ್ಯೆಯನ್ನು ಪ್ರತಿ ಗಣತಿಯಲ್ಲಿಯೂ ಎಣಿಸಲಾಯಿತು. ಆದರೆ ಆ ಬೇಲಿಗಳನ್ನು ಎಣಿಸುವ ಕೆಲಸ ಜನಗಣತಿಯಿಂದ ಹೊರಗುಳಿಯಿತು.

1941ರಲ್ಲಿ ಮರಾಠವಾಡದ ಪರಭಣಿಯಲ್ಲಿ ನಡೆದ ಸಮಾವೇಶದಲ್ಲಿ ಶ್ಯಾಮಸುಂದರ್ ತಮ್ಮ ನಿಲುವನ್ನು ಸ್ಪಷ್ಟವಾಗಿ ಮಂಡಿಸಿದರು. ಅಸ್ಪೃಶ್ಯರು ಹಿಂದೂ ಸಮಾಜದ ಕೆಳಗಿನ ಮೆಟ್ಟಿಲಲ್ಲ, ಪ್ರತ್ಯೇಕ ಜನ ಎಂಬುದು ಅವರ ವಾದ. ಈ ವಿಚಾರಕ್ಕೆ ಅವರು ಮೂಲಭಾರತಿ ಎಂಬ ಹೆಸರು ಕೊಟ್ಟರು. ಬಿ.ಎಸ್. ವೆಂಕಟರಾವ್ ಅವರೊಂದಿಗೆ ಶೋಷಿತ ವರ್ಗಗಳ ಸಂಘಟನೆಯಲ್ಲಿ ದುಡಿದರು. ಸಂಸ್ಥಾನದ ಶಾಸನಸಭೆಯ ಸದಸ್ಯರಾಗಿ, ಉಪಸಭಾಧ್ಯಕ್ಷರಾಗಿಯೂ ಕಾರ್ಯನಿರ್ವಹಿಸಿದರು.

ಪ್ಯಾರಿಸ್ ಪ್ರಯಾಣ

ಶ್ಯಾಮಸುಂದರ್ ಅವರ ಬದುಕಿನ ಅತ್ಯಂತ ವಿವಾದಾತ್ಮಕ ಅಧ್ಯಾಯ 1947-48ರದು. ಭಾರತ ಸ್ವತಂತ್ರವಾದಾಗ ನಿಜಾಮರು ಒಕ್ಕೂಟಕ್ಕೆ ಸೇರಲು ಒಪ್ಪಲಿಲ್ಲ. ಆಗ ಕೇಂದ್ರದ ಕಾನೂನು ಸಚಿವರಾಗಿದ್ದ ಡಾ. ಬಿ.ಆರ್. ಅಂಬೇಡ್ಕರ್, ಹೈದರಾಬಾದಿನ ಪರಿಶಿಷ್ಟರು ನಿಜಾಮರ ಪರ ನಿಲ್ಲಬಾರದೆಂದು 1947ರ ನವೆಂಬರ್‌ನಲ್ಲಿ ಬಹಿರಂಗ ಹೇಳಿಕೆ ನೀಡಿದರು. ಅಂಬೇಡ್ಕರ್ ಅವರನ್ನು ಗೌರವಿಸುತ್ತಿದ್ದ ಶ್ಯಾಮಸುಂದರ್ ಮಾತ್ರ ಈ ವಿಷಯದಲ್ಲಿ ಬೇರೆ ದಾರಿ ಹಿಡಿದರು. ಹೈದರಾಬಾದ್ ಪ್ರಕರಣವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದಿಡಲು ಮೊಯಿನ್ ನವಾಜ್ ಜಂಗ್ ನೇತೃತ್ವದಲ್ಲಿ ಪ್ಯಾರಿಸ್‌ಗೆ ತೆರಳಿದ ನಿಯೋಗದಲ್ಲಿ ಅವರೂ ಇದ್ದರು.

ಭದ್ರತಾ ಮಂಡಳಿ ವಿಷಯವನ್ನು ಕೈಗೆತ್ತಿಕೊಂಡದ್ದು 1948ರ ಸೆಪ್ಟೆಂಬರ್ 16ರಂದು. ಸೆಪ್ಟೆಂಬರ್ 13ರಂದೇ ಭಾರತೀಯ ಸೇನೆ ಸಂಸ್ಥಾನದೊಳಕ್ಕೆ ಪ್ರವೇಶಿಸಿತ್ತು. 17ರಂದು ನಿಜಾಮರ ಸೇನೆ ಶರಣಾಯಿತು. ಕೆಲವೇ ದಿನಗಳಲ್ಲಿ ನಿಜಾಮರು ದೂರನ್ನು ಹಿಂಪಡೆದರು. ರಜಾಕಾರರ ಹಾವಳಿಯನ್ನು ಕಂಡ ಜನರಿಗೆ, ನಿಜಾಮರ ನಿಯೋಗದಲ್ಲಿ ಹೋದ ದಲಿತ ಮುಖಂಡನನ್ನು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ಆ ಆಯ್ಕೆಯ ನೆರಳು ಶ್ಯಾಮಸುಂದರ್ ಅವರ ಮುಂದಿನ ರಾಜಕೀಯದ ಮೇಲೆ ಕೊನೆಯವರೆಗೂ ಬಿದ್ದಿತ್ತು.

ಇದೇ ವರ್ಷ ಕಲ್ಯಾಣ ಕರ್ನಾಟಕದ ನೆಲ ಎರಡು ಬಗೆಯ ಹಿಂಸೆಯನ್ನು ಕಂಡಿತು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಹಿಂದೂಗಳ ಹತ್ಯಾಕಾಂಡ ನಡೆಸಿದರು. ಪೊಲೀಸ್ ಕಾರ್ಯಾಚರಣೆಯ ನಂತರ ಹಳ್ಳಿ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಪ್ರತೀಕಾರದ ದಾಳಿಗಳು ನಡೆದವು. ಎರಡನೆಯದರ ಸತ್ಯಾಸತ್ಯತೆ ತಿಳಿಯಲು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಪಂಡಿತ್ ಸುಂದರಲಾಲ್ ಹಾಗೂ ಕಾಜಿ ಅಬ್ದುಲ್ ಗಫಾರ್ ಅವರಿದ್ದ ತಂಡವನ್ನು ಕಳುಹಿಸಿದರು. ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂದು ತಂಡ ಅಂದಾಜಿಸಿತು. ಅತಿ ಹೆಚ್ಚು ನಲುಗಿದ ಜಿಲ್ಲೆಗಳೆಂದು ಅದು ಹೆಸರಿಸಿದವುಗಳಲ್ಲಿ ಗುಲಬರ್ಗಾ ಮತ್ತು ಬೀದರ ಎರಡೂ ಇದ್ದವು. ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರಿಗೆ ದೊರೆಯುವಂತಾದದ್ದು 2013ರ ಹೊತ್ತಿಗೆ.

ಎಣಿಸಿದ ಲೆಕ್ಕವೂ ಕಪಾಟಿನಲ್ಲಿ ಉಳಿದರೆ ಅದು ಸಂತ್ರಸ್ತರ ಉಪಯೋಗಕ್ಕೆ ಬಾರದು ಎಂಬುದಕ್ಕೆ ಈ ಭಾಗಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಕಾನೂನು ಬಂತು, ದೂರು ಬರಲಿಲ್ಲ

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಜಾರಿಗೆ ಬಂತು. ಮರುವರ್ಷ, 1956ರ ನವೆಂಬರ್ 1ರಂದು, ಗುಲಬರ್ಗಾ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಶ್ಯಾಮಸುಂದರ್ ಅದೇ ವರ್ಷ ಹೈದರಾಬಾದಿನಲ್ಲಿ ಅಲ್ಪಸಂಖ್ಯಾತರ ಅಖಿಲ ಭಾರತ ಒಕ್ಕೂಟವೊಂದನ್ನು ಕಟ್ಟಲು ಮುಂದಾದರು. ದಲಿತರು, ಮುಸ್ಲಿಮರು ಹಾಗೂ ಇತರ ಅಲ್ಪಸಂಖ್ಯಾತರು ಒಂದಾಗಿ ನಿಂತರೆ ಮಾತ್ರ ರಕ್ಷಣೆ ಸಾಧ್ಯ ಎಂಬುದು ಅವರ ನಂಬಿಕೆಯಾಗಿತ್ತು.

1955ರ ಕಾಯ್ದೆಯ ಅಡಿಯಲ್ಲಿ ಪ್ರಕರಣ ದಾಖಲಾಗಬೇಕಾದರೆ ಸಾಮಾನ್ಯವಾಗಿ ನೊಂದವರೇ ಠಾಣೆಗೆ ಹೋಗಬೇಕಾಗುತ್ತಿತ್ತು. ಅವರು ಕೂಲಿ ಮಾಡುವುದು ಅದೇ ಊರ ಗೌಡರ ಹೊಲದಲ್ಲಿ. ಸಾಲ ಪಡೆಯುವುದು ಅದೇ ಊರ ಸಾಹುಕಾರರಲ್ಲಿ. ಸಾಕ್ಷಿ ಹೇಳುವವರೂ ಅದೇ ಕೇರಿಯವರು. ದೂರು ಕೊಟ್ಟ ಮರುದಿನ ಕೂಲಿ ನಿಲ್ಲಬಹುದು, ಕಿರಾಣಿ ಅಂಗಡಿ ಬಾಗಿಲು ಮುಚ್ಚಬಹುದು, ನೀರಿನ ದಾರಿ ಬಂದ್ ಆಗಬಹುದು. ಹೀಗಾಗಿ ಠಾಣೆಯ ಪುಸ್ತಕದಲ್ಲಿ ಒಂದೂ ಪ್ರಕರಣವಿಲ್ಲದ ಊರಿನಲ್ಲಿ ಅಸ್ಪೃಶ್ಯತೆ ಇಲ್ಲವೆಂದು ಹೇಳುವಂತಿರಲಿಲ್ಲ. ಸೌಹಾರ್ದ ತುಂಬಿದ ಊರಿಗೂ ಭಯ ತುಂಬಿದ ಊರಿಗೂ ದಾಖಲೆಯಲ್ಲಿ ಕಾಣುವುದು ಒಂದೇ ಸೊನ್ನೆ.

ಭೀಮಸೇನೆಯ ಉದಯ

ಇಂಥ ಸ್ಥಿತಿಯಲ್ಲಿ 1968ರಲ್ಲಿ ಭೀಮಸೇನೆ ಹುಟ್ಟಿತು. ಹೆಸರು ಅಂಬೇಡ್ಕರ್ ಅವರದು, ಉದ್ದೇಶ ಸ್ವರಕ್ಷಣೆ. ದೂರು ಕೊಡಲು ಹೆದರುವ ಕುಟುಂಬದ ಬೆನ್ನಿಗೆ ಒಂದು ಸಂಘಟನೆ ನಿಲ್ಲಬೇಕು ಎಂಬ ಆಲೋಚನೆ ಅದರ ಹಿಂದಿತ್ತು. 1932ರ ಪುಣೆ ಒಪ್ಪಂದದಲ್ಲಿ ಕೈಬಿಟ್ಟ ಪ್ರತ್ಯೇಕ ಮತದಾನದ ಹಕ್ಕು ಮರಳಬೇಕು, ದಲಿತರಿಗೆ ಪ್ರತ್ಯೇಕ ಗ್ರಾಮಗಳು ಬೇಕು, ಪ್ರತ್ಯೇಕ ವಿಶ್ವವಿದ್ಯಾಲಯ ಬೇಕು ಎಂಬುವು ಶ್ಯಾಮಸುಂದರ್ ಮುಂದಿಟ್ಟ ಬೇಡಿಕೆಗಳು. ಸಂಘಟನೆ ಗುಲಬರ್ಗಾದಿಂದ ನೆರೆಯ ಮಹಾರಾಷ್ಟ್ರ ಮತ್ತು ಆಂಧ್ರಪ್ರದೇಶಗಳಿಗೂ ಹರಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಲಖನೌದಲ್ಲಿ ನಡೆದ ಅಲ್ಪಸಂಖ್ಯಾತರ ಸಮಾವೇಶದಲ್ಲಿಯೂ ಅವರು ಮುಂಚೂಣಿಯಲ್ಲಿದ್ದರು.

ಪ್ರತ್ಯೇಕ ಗ್ರಾಮಗಳ ಬೇಡಿಕೆಯನ್ನು ಒಪ್ಪದವರು ದಲಿತರಲ್ಲಿಯೇ ಇದ್ದರು. ಊರಿನಿಂದ ಹೊರಗಿಟ್ಟಿರುವುದೇ ಅನ್ಯಾಯವಾಗಿರುವಾಗ ತಾವಾಗಿಯೇ ಹೊರಹೋಗುವುದು ಪರಿಹಾರವೇ ಎಂಬುದು ಅವರ ಆಕ್ಷೇಪ. ಆದರೆ ಊರೊಳಗೆ ಜೀವಕ್ಕೇ ಭದ್ರತೆ ಇಲ್ಲ ಎಂಬ ಶ್ಯಾಮಸುಂದರ್ ಅವರ ಆತಂಕ ಆಧಾರರಹಿತವಾಗಿರಲಿಲ್ಲ. ಭೀಮಸೇನೆ ಸ್ಥಾಪನೆಯಾದ ಎಂಟು ತಿಂಗಳಿಗೆ, 1968ರ ಡಿಸೆಂಬರ್ 25ರಂದು, ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ ಕೂಲಿ ಹೆಚ್ಚಿಸಲು ಕೇಳಿದ ದಲಿತ ಕುಟುಂಬಗಳ 44 ಮಂದಿಯನ್ನು ಗುಡಿಸಲಿನಲ್ಲಿ ಸುಟ್ಟು ಕೊಲ್ಲಲಾಯಿತು. ಸತ್ತವರಲ್ಲಿ ಹೆಚ್ಚಿನವರು ಮಹಿಳೆಯರು ಮತ್ತು ಮಕ್ಕಳು.

1969ರ ಆರಂಭದಲ್ಲಿ ಎಲ್. ಇಳೆಯಪೆರುಮಾಳ್ ನೇತೃತ್ವದ ಸಮಿತಿ ಕೇಂದ್ರಕ್ಕೆ ವರದಿ ಸಲ್ಲಿಸಿತು. 1965ರಲ್ಲಿ ನೇಮಕಗೊಂಡಿದ್ದ ಈ ಸಮಿತಿ ರಾಜ್ಯ ರಾಜ್ಯಗಳಲ್ಲಿ ಸಂಚರಿಸಿ, ಅಸ್ಪೃಶ್ಯತೆ ಯಾವ ಯಾವ ರೂಪದಲ್ಲಿ ಉಳಿದಿದೆ ಎಂಬುದನ್ನು ದಾಖಲಿಸಿತು. ಬಾವಿ, ದೇವಸ್ಥಾನ, ಚಹಾ ಅಂಗಡಿ, ಕ್ಷೌರದಂಗಡಿ, ಶಾಲೆ ಹೀಗೆ ಒಂದೊಂದು ಜಾಗವನ್ನೂ ವಿಚಾರಿಸುವ ಕ್ರಮ ಅದರದು. ಕಾನೂನು ಬಂದು 14 ವರ್ಷಗಳಾದರೂ ಆಚರಣೆ ವ್ಯಾಪಕವಾಗಿದೆ ಎಂಬ ನಿರ್ಣಯಕ್ಕೆ ಅದು ಬಂತು. ಬೀದಿಯಲ್ಲಿ ಶ್ಯಾಮಸುಂದರ್ ಹೇಳುತ್ತಿದ್ದ ಸಂಗತಿಗೆ ಸರ್ಕಾರದ ಸಮಿತಿಯೇ ದಾಖಲೆ ಒದಗಿಸಿದಂತಾಯಿತು.

ಮರಣಾನಂತರ ಬಂದ ಅಂಕಿಅಂಶ

ಶ್ಯಾಮಸುಂದರ್ 1975ರ ಮೇ 19ರಂದು ಹೈದರಾಬಾದಿನಲ್ಲಿ ನಿಧನರಾದರು. ಮುಂದಿನ ತಿಂಗಳೇ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ನಾಯಕನಿಲ್ಲದ ಭೀಮಸೇನೆ ಕ್ರಮೇಣ ಕ್ಷೀಣಿಸಿತು. ಅಷ್ಟರಲ್ಲಿ ರಾಜ್ಯದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತ್ತು. ಮುಂದಿನ ಪೀಳಿಗೆಯ ಹೋರಾಟ ಅದರ ನೀಲಿ ಬಾವುಟದಡಿ ನಡೆಯಿತು. ಶ್ಯಾಮಸುಂದರ್ ಅವರ ಬರಹ 1987ರಲ್ಲಿ ಬೆಂಗಳೂರಿನ ದಲಿತ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷ್‌ನಲ್ಲಿ ಪುಸ್ತಕವಾಗಿ ಹೊರಬಂತು. ಭಾರತದ 16 ಕೋಟಿ ಅಸ್ಪೃಶ್ಯರು ಸುಡುತ್ತಿದ್ದಾರೆ ಎಂಬ ಅರ್ಥದ ಶೀರ್ಷಿಕೆ ಅದಕ್ಕಿತ್ತು. 1981ರ ಜನಗಣತಿಯ ಪ್ರಕಾರ ಪರಿಶಿಷ್ಟ ಜಾತಿಗಳ ಸಂಖ್ಯೆ ಸುಮಾರು ಹತ್ತೂವರೆ ಕೋಟಿ. ಬೌದ್ಧ ಧರ್ಮ ಸ್ವೀಕರಿಸಿದ ದಲಿತರು ಆ ಪಟ್ಟಿಗೆ ಸೇರಿದ್ದು 1990ರಲ್ಲಿ. ಕ್ರೈಸ್ತ ಹಾಗೂ ಮುಸ್ಲಿಂ ದಲಿತರು ಇಂದಿಗೂ ಹೊರಗಿದ್ದಾರೆ. ಸಂತ್ರಸ್ತರು ಎಷ್ಟು ಮಂದಿ ಎಂಬ ಮೂಲ ಪ್ರಶ್ನೆಗೇ ಹೀಗೆ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ.

1970ರ ದಶಕದಿಂದ ಕೇಂದ್ರ ಗೃಹ ಸಚಿವಾಲಯ ಪರಿಶಿಷ್ಟರ ಮೇಲಿನ ಅಪರಾಧಗಳ ಮಾಹಿತಿಯನ್ನು ಪ್ರತ್ಯೇಕವಾಗಿ ಸಂಗ್ರಹಿಸಲು ಆರಂಭಿಸಿತು. 1955ರ ಕಾಯ್ದೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಗಿ ಬಿಗಿಯಾಯಿತು. 1989ರ ದೌರ್ಜನ್ಯ ತಡೆ ಕಾಯ್ದೆ 1990ರ ಜನವರಿ 30ರಂದು ಜಾರಿಗೆ ಬಂತು. ತಲೆ ಬೋಳಿಸುವುದು, ಚಪ್ಪಲಿ ಹಾರ ಹಾಕುವುದು, ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರ ಹೇರುವುದು ಮುಂತಾದವನ್ನು 2016ರಿಂದ ಜಾರಿಗೆ ಬಂದ ತಿದ್ದುಪಡಿ ಸ್ಪಷ್ಟವಾಗಿ ಅಪರಾಧಗಳೆಂದು ಹೆಸರಿಸಿತು. ಅಪರಾಧದ ವ್ಯಾಖ್ಯೆ ಹಿಗ್ಗಿದಾಗ ಪ್ರಕರಣಗಳ ಸಂಖ್ಯೆಯೂ ಹಿಗ್ಗಬಹುದು. ಆ ಏರಿಕೆಯನ್ನು ದ್ವೇಷದ ಏರಿಕೆ ಎಂದೇ ಓದುವುದು ತಪ್ಪಾದೀತು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ ಪರಿಶಿಷ್ಟ ಜಾತಿಯವರ ಮೇಲಿನ ಅಪರಾಧ ಪ್ರಕರಣಗಳು 2021ರಲ್ಲಿ 50,900 ಇದ್ದದ್ದು 2022ರಲ್ಲಿ 57,582ಕ್ಕೆ ಏರಿದವು. ಒಂದೇ ವರ್ಷದಲ್ಲಿ ಶೇ 13ರಷ್ಟು ಹೆಚ್ಚಳ. ದೌರ್ಜನ್ಯ ಹೆಚ್ಚಿತೇ, ದೂರು ಕೊಡುವ ಧೈರ್ಯ ಹೆಚ್ಚಿತೇ ಎಂಬುದನ್ನು ಈ ಸಂಖ್ಯೆಯೊಂದೇ ಹೇಳಲಾರದು.

ಎರಡು ಅಳತೆಗೋಲು

ಈ ತೊಡಕು ಭಾರತಕ್ಕೆ ಮಾತ್ರ ಸೀಮಿತವಲ್ಲ. ಯಹೂದಿಗಳ ಮೇಲಿನ ದ್ವೇಷವನ್ನು ಅಳೆಯಲು ಅಮೆರಿಕದ ಆ್ಯಂಟಿ ಡಿಫಮೇಷನ್ ಲೀಗ್ ಸಂಸ್ಥೆ 1964ರಿಂದ ಜನರ ಮನೋಭಾವದ ಸಮೀಕ್ಷೆಗಳನ್ನು ನಡೆಸುತ್ತಿದೆ; 1979ರಿಂದ ಘಟನೆಗಳ ವಾರ್ಷಿಕ ಪಟ್ಟಿ ಪ್ರಕಟಿಸುತ್ತಿದೆ. ಬ್ರಿಟನ್ನಿನ ಕಮ್ಯುನಿಟಿ ಸೆಕ್ಯುರಿಟಿ ಟ್ರಸ್ಟ್ ಬಳಿ 1984ರಿಂದ ಈಚಿನ ಘಟನೆಗಳ ದಾಖಲೆಯಿದೆ. ಪೊಲೀಸರ ಬಳಿಗೆ ಹೋಗದವರೂ ತಮ್ಮ ಸಮುದಾಯದ ಸಂಸ್ಥೆಗೆ ತಿಳಿಸಬಹುದು ಎಂಬುದು ಈ ವ್ಯವಸ್ಥೆಯ ಅನುಕೂಲ. ಆದರೆ ಅಲ್ಲಿಯೂ ವಿವಾದಗಳಿವೆ. ಅಮೆರಿಕದ ಪಟ್ಟಿಯಲ್ಲಿ 2023ರಲ್ಲಿ 8,873 ಘಟನೆಗಳು ದಾಖಲಾದವು. ಹಿಂದಿನ ವರ್ಷದ ಸಂಖ್ಯೆಗಿಂತ ಇದು ಎರಡು ಪಟ್ಟಿಗೂ ಹೆಚ್ಚು. ಗಾಜಾ ಯುದ್ಧದ ಸಂದರ್ಭದ ಪ್ರತಿಭಟನೆಗಳಲ್ಲಿ ಕೇಳಿಬಂದ ಕೆಲವು ಘೋಷಣೆಗಳನ್ನೂ ಸೇರಿಸಿದ್ದು ಸರಿಯೇ ಎಂಬ ಚರ್ಚೆ ನಡೆಯಿತು. ದಾಳಿಗಳು ಹೆಚ್ಚಿದ್ದು ನಿಜ; ಎಷ್ಟು ಹೆಚ್ಚಿದವು ಎಂಬುದು ವ್ಯಾಖ್ಯೆಯನ್ನು ಅವಲಂಬಿಸಿತ್ತು.

ಘಟನೆಗಳ ಲೆಕ್ಕ ಒಂದು ಅಳತೆ, ಮನೋಭಾವದ ಸಮೀಕ್ಷೆ ಇನ್ನೊಂದು. ಎರಡನ್ನೂ ಜೊತೆಗಿಟ್ಟು, ಒಂದೇ ವ್ಯಾಖ್ಯೆಯಲ್ಲಿ, ವರ್ಷದಿಂದ ವರ್ಷಕ್ಕೆ ನೋಡಿದಾಗ ಮಾತ್ರ ದಿಕ್ಕು ತಿಳಿಯುತ್ತದೆ. ಭಾರತದಲ್ಲಿ ಮೊದಲನೆಯದು ಪೊಲೀಸ್ ಇಲಾಖೆಯ ಮೂಲಕ ಪ್ರತಿವರ್ಷ ಸಿಗುತ್ತದೆ. ಎರಡನೆಯದು ಆಗೊಮ್ಮೆ ಈಗೊಮ್ಮೆ ಮಾತ್ರ. 2001-02ರಲ್ಲಿ ಸಂಶೋಧಕರು 11 ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ರೂಪಗಳನ್ನು ಅಧ್ಯಯನ ಮಾಡಿದರು. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಶೇ 27ರಷ್ಟು ಕುಟುಂಬಗಳು ಒಂದಲ್ಲ ಒಂದು ರೂಪದಲ್ಲಿ ಅಸ್ಪೃಶ್ಯತೆ ಪಾಲಿಸುವುದಾಗಿ ಒಪ್ಪಿಕೊಂಡವು. ಪಾಲಿಸಿದರೂ ಒಪ್ಪಿಕೊಳ್ಳದವರು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಕಮಲಾಪುರದಿಂದ ಕಲಬುರಗಿಗೆ

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗುವ ಕಮಲಾಪುರ ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಈಗ ತಾಲ್ಲೂಕು ಕೇಂದ್ರ. 2008ರ ಕ್ಷೇತ್ರ ಮರುವಿಂಗಡಣೆಯವರೆಗೆ ಇದೇ ಹೆಸರಿನ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ನಂತರ ಅದರ ಜಾಗದಲ್ಲಿ ಬಂದ ಗುಲಬರ್ಗಾ ಗ್ರಾಮೀಣ ಕ್ಷೇತ್ರವೂ ಮೀಸಲು ಕ್ಷೇತ್ರವೇ. ಎಲ್ಲ ಜಾತಿಯ ಮತದಾರರು ಸೇರಿ ಪರಿಶಿಷ್ಟ ಅಭ್ಯರ್ಥಿಯನ್ನು ಆರಿಸುವ ಈ ಪದ್ಧತಿಯನ್ನೇ ಶ್ಯಾಮಸುಂದರ್ ವಿರೋಧಿಸಿದ್ದರು. ಗೆದ್ದವರು ಯಾರಿಗೆ ಉತ್ತರ ಕೊಡಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ಮೀಸಲು ಸ್ಥಾನಗಳ ಲೆಕ್ಕ ಚುನಾವಣಾ ಆಯೋಗದ ಬಳಿ ಕರಾರುವಾಕ್ಕಾಗಿದೆ. ಮೀಸಲು ಕ್ಷೇತ್ರದ ಹಳ್ಳಿಯ ಹೋಟೆಲಿನಲ್ಲಿ ಬೇರೆ ಲೋಟ ಇದೆಯೇ ಎಂಬ ಲೆಕ್ಕ ಯಾವ ಕಚೇರಿಯಲ್ಲೂ ನಿಯಮಿತವಾಗಿ ಸಿಗುವುದಿಲ್ಲ.

ಕಲಬುರಗಿ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು 2011ರ ಜನಗಣತಿಯಂತೆ ಸುಮಾರು ಕಾಲುಭಾಗ. ಇಂದು ಹಳ್ಳಿಯೊಂದರಲ್ಲಿ ದೌರ್ಜನ್ಯ ನಡೆದರೆ ದೂರು ಠಾಣೆಗೆ ಹೋಗಬೇಕು, ಎಫ್‌ಐಆರ್ ದಾಖಲಾಗಬೇಕು, ತನಿಖೆಯಾಗಿ ಪ್ರಕರಣ ಕಲಬುರಗಿಯ ನ್ಯಾಯಾಲಯ ತಲುಪಬೇಕು. ನಡುವೆ ರಾಜಿ ಪಂಚಾಯಿತಿ ನಡೆಯಬಹುದು, ಪ್ರತಿದೂರು ದಾಖಲಾಗಬಹುದು, ಸಾಕ್ಷಿ ತಿರುಗಿಬೀಳಬಹುದು, ಕೊನೆಗೆ ಬಿ ರಿಪೋರ್ಟ್ ಸಲ್ಲಿಕೆಯಾಗಬಹುದು. 1995ರ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಸಭೆಯ ಮುಂದೆ ಬರುವುದು ಪ್ರಕರಣಗಳ ಸಂಖ್ಯೆ, ಪರಿಹಾರದ ಮೊತ್ತ, ತನಿಖೆಯ ಹಂತ. ಪ್ರಕರಣವೇ ಇಲ್ಲದ ಊರುಗಳ ಬಾವಿ, ಗುಡಿ, ಹೋಟೆಲು, ಕ್ಷೌರದಂಗಡಿಗಳ ಸ್ಥಿತಿ ಆ ಕಡತಗಳಲ್ಲಿ ತಾನಾಗಿ ಬರುವುದಿಲ್ಲ.

ಒಳಮೀಸಲಾತಿಗಾಗಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ 2025ರಲ್ಲಿ ರಾಜ್ಯದ 101 ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೆಸಿ ಒಂದು ಕೋಟಿಗೂ ಹೆಚ್ಚು ಜನರ ಮಾಹಿತಿ ಸಂಗ್ರಹಿಸಿತು. ಯಾವ ಜಾತಿಯವರು ಎಷ್ಟಿದ್ದಾರೆ, ಎಷ್ಟು ಓದಿದ್ದಾರೆ, ಏನು ಕೆಲಸ ಮಾಡುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ ಕೇಳುವ ಶಕ್ತಿ ಸರ್ಕಾರಕ್ಕೆ ಇದೆ ಎಂಬುದು ಇದರಿಂದ ಸಾಬೀತಾಗಿದೆ. ಊರಿನವರು ಅವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನೂ ಅಷ್ಟೇ ಕ್ರಮಬದ್ಧವಾಗಿ, ಕೆಲವು ವರ್ಷಗಳಿಗೊಮ್ಮೆ ಕೇಳಿ ಪ್ರಕಟಿಸುವುದು ಅಸಾಧ್ಯವೇನಲ್ಲ. ಕೇಳುವ ಪ್ರಶ್ನೆಗಳನ್ನು 1931ರ ಗಣತಿ ಮತ್ತು 1969ರ ವರದಿ ಆಗಲೇ ಕೊಟ್ಟಿವೆ.

ಶ್ಯಾಮಸುಂದರ್ ಅವರ ರಾಜಕೀಯ ಆಯ್ಕೆಗಳನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಪ್ರತ್ಯೇಕ ಗ್ರಾಮ, ಪ್ರತ್ಯೇಕ ಮತದಾನದ ಬೇಡಿಕೆಗಳು ಈಡೇರಲಿಲ್ಲ, ಭೀಮಸೇನೆಯೂ ಉಳಿಯಲಿಲ್ಲ. ದೌರ್ಜನ್ಯದ ಘಟನೆ ಬೆಳಕಿಗೆ ಬರಬೇಕಾದರೆ ಮೊದಲು ನೊಂದವನು ಒಂಟಿಯಲ್ಲ ಎಂಬ ಭರವಸೆ ಬೇಕು ಎಂಬ ತಿಳಿವಳಿಕೆಯ ಮೇಲೆ ಅವರು ಗುಲಬರ್ಗಾದಲ್ಲಿ ಸಂಘಟನೆ ಕಟ್ಟಿದರು. ದಾಖಲಾದ ಪ್ರತಿಯೊಂದು ಪ್ರಕರಣದ ಹಿಂದೆ ಅಂಥ ಒಬ್ಬ ದೂರುದಾರ ಇರುತ್ತಾನೆ. ಅವನು ಮರಳಿ ಅದೇ ಊರಿನಲ್ಲಿ ನಿರ್ಭಯವಾಗಿ ಬಾಳಲು ಸಾಧ್ಯವಾದ ದಿನ ಮಾತ್ರ ಇಳಿಯುತ್ತಿರುವ ಸಂಖ್ಯೆಯನ್ನು ನಂಬಬಹುದು.